ಸೋನಾ ಮಸೂರಿಯ ಡಿಜಿಟಲ್ ಜಾತಕ

ಗಂಗಾವತಿ, ಕಾರಟಗಿ, ಸಿಂಧನೂರು ಭಾಗದ ಗದ್ದೆಗಳಿಗೂ ಅಕ್ಕಿ ಗಿರಣಿಗಳಿಗೂ ನಡುವೆ ಇಷ್ಟು ವರ್ಷ ಇದ್ದದ್ದು ಬರೀ ರಸ್ತೆ. ಇನ್ನು ಮುಂದೆ ಅಲ್ಲಿ ‘ಸಮಗ್ರ ಡಿಜಿಟಲ್ ಪೂರೈಕೆ ಸರಪಳಿ’ ಇರತಕ್ಕದ್ದೆಂದು ಬಲ್ಲವರು ತೀರ್ಮಾನಿಸಿದ್ದಾರೆ. ಚೀಲದ ಮೇಲಿನ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ಸಾಕು, ಆ ಅಕ್ಕಿ ತುಂಗಭದ್ರಾ ಎಡದಂಡೆಯ ಯಾವ ಉಪಕಾಲುವೆಯ ನೀರು ಕುಡಿದು ಬೆಳೆದದ್ದೆಂಬುದು ಬೆಂಗಳೂರಿನ ಗ್ರಾಹಕರಿಗೆ ಕುಕ್ಕರ್ ಕೂಗುವ ಮೊದಲೇ ತಿಳಿಯಲಿದೆಯಂತೆ. ಆ ಉಪಕಾಲುವೆಯ ಕೊನೆಯ ಭಾಗಕ್ಕೆ ನೀರು ತಲುಪಿತ್ತೇ ಎಂಬುದಕ್ಕೆ ಮಾತ್ರ ತಂತ್ರಾಂಶದಲ್ಲಿ ಕಾಲಂ ಇಟ್ಟಿಲ್ಲ.

ನಮ್ಮ ಕಡೆ ನೆಲ್ಲಿನ ದರ ಕಟ್ಟುವುದು 75 ಕೆ.ಜಿ. ಚೀಲಕ್ಕೆ. ತಂತ್ರಾಂಶಕ್ಕೆ ಗೊತ್ತಿರುವುದು ಕ್ವಿಂಟಲ್ ಒಂದೇ. ಆದ್ದರಿಂದ ದಲಾಲಿ ಅಂಗಡಿಯ ಗುಮಾಸ್ತರು ಹಗಲೆಲ್ಲ ಚೀಲದ ಲೆಕ್ಕವನ್ನು ಖಾತೆ ಪುಸ್ತಕದಲ್ಲಿ ಬರೆದುಕೊಂಡು, ರಾತ್ರಿ ಊಟವಾದ ಮೇಲೆ ಕ್ಯಾಲ್ಕುಲೇಟರ್ ಒತ್ತಿ ಮುಕ್ಕಾಲಿನಿಂದ ಗುಣಿಸಿ, ಬಂದದ್ದನ್ನು ನೆಟ್‌ವರ್ಕ್ ಸಿಕ್ಕಾಗ ಮೊಬೈಲಿಗೆ ಉಣಿಸುತ್ತಾರೆ. ಇದನ್ನು ಸಭೆಗಳಲ್ಲಿ ‘ರಿಯಲ್ ಟೈಮ್ ಮಾಹಿತಿ’ ಎನ್ನಲಾಗುತ್ತದೆ. ತೇವಾಂಶದ್ದು ಇದಕ್ಕಿಂತ ಸೊಗಸು. ಬೆಂಬಲ ಬೆಲೆಯ ಖರೀದಿಗೆ ಶೇ 17ರ ಮಿತಿಯಿರುವುದರಿಂದ ಎಲ್ಲರೂ ಯಂತ್ರದ ಮಾತನ್ನೇ ಆಡುತ್ತಾರೆ. ಆದರೆ ಗಿರಣಿಯ ಬಾಗಿಲಲ್ಲಿ ಖರೀದಿದಾರರು ನಾಲ್ಕು ಕಾಳು ಬಾಯಿಗೆ ಹಾಕಿ, ಕಟಕ್ಕೆಂದು ಕಡಿದು, ಮುಖ ಕಿವುಚಿ, ‘ಹಸಿ ಐತಿ’ ಎಂದರೆ ಯಂತ್ರ ತೋರಿಸಿದ ಅಂಕಿಗೆ ಬೆಲೆಯಿಲ್ಲ. ಆ ದವಡೆಗೂ ಒಂದು ಲಾಗಿನ್ ಐಡಿ ಕೊಟ್ಟಿದ್ದರೆ ಸರಪಳಿ ಪರಿಪೂರ್ಣವಾಗುತ್ತಿತ್ತು.

ಕೊಂಡಿಗಳಿಗೇನೂ ಕೊರತೆಯಿಲ್ಲ, ಒಂದೊಂದಕ್ಕೂ ಒಂದೊಂದು ಸರ್ಕಾರಿ ಜಾಲತಾಣವಿದೆ. ಹೊಲ ‘ಭೂಮಿ’ಯಲ್ಲಿದೆ, ರೈತರು ‘ಫ್ರೂಟ್ಸ್’ನಲ್ಲಿದ್ದಾರೆ, ಲಾರಿ ‘ವಾಹನ್’ನಲ್ಲಿದೆ, ಗಿರಣಿಯ ಆಹಾರ ಪರವಾನಗಿ ‘ಫಾಸ್ಕಾಸ್’ನಲ್ಲಿದೆ. ಇವನ್ನೆಲ್ಲ ಜೋಡಿಸುವ ಅತ್ಯಾಧುನಿಕ ವ್ಯವಸ್ಥೆಯೆಂದರೆ ಗಿರಣಿಯಲ್ಲಿ ಕೆಲಸಕ್ಕಿರುವ ಹುಡುಗ: ಒಂದು ಪರದೆಯಲ್ಲಿದ್ದುದನ್ನು ಪ್ರಿಂಟ್ ತೆಗೆದು, ಝೆರಾಕ್ಸ್ ಮಾಡಿಸಿ, ಬೈಕಿನಲ್ಲಿ ಒಯ್ದು, ಇನ್ನೊಂದು ಪರದೆಯೆದುರು ಕುಳಿತು ಮತ್ತೆ ಟೈಪ್ ಮಾಡುತ್ತಾನೆ. ಅವನು ಜಾತ್ರೆಗೆ ರಜೆ ಹಾಕಿದರೆ ‘ಸರ್ವರ್ ಡೌನ್’ ಎಂದು ತಿಳಿಯಬೇಕು. ಓಟಿಪಿ ರೈತರ ಮಗನ ಮೊಬೈಲಿಗೆ ಹೋಗುತ್ತದೆ, ಮಗ ದುಡಿಯಲು ಬೆಂಗಳೂರಿಗೆ ಹೋಗಿದ್ದಾನೆ. ಅವನ ಪಾಳಿ ಮುಗಿಯುವವರೆಗೆ ನೆಲ್ಲು ಟ್ರ್ಯಾಕ್ಟರಿನಲ್ಲೇ ಕಾಯುತ್ತದೆ.

ಹಾಗೆಂದು ನಮ್ಮ ಗಿರಣಿಗಳಿಗೆ ಒಗ್ಗಟ್ಟಿನಲ್ಲಿ ಕೆಲಸ ಮಾಡಲು ಬಾರದು ಎಂದರೆ ಅನ್ಯಾಯವಾದೀತು. 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ, ಲೇಬಲ್ ಹಚ್ಚಿದ ಅಕ್ಕಿಯ ಪ್ಯಾಕೆಟ್ಟಿಗೆ ಶೇ 5ರ ಜಿಎಸ್‌ಟಿ ಬಿದ್ದಾಗ, ಕಾರ್ಯಾಗಾರವಿಲ್ಲದೆ, ಸಲಹೆಗಾರರಿಲ್ಲದೆ, 25 ಕೆ.ಜಿ. ಚೀಲ ನೋಡನೋಡುತ್ತಿದ್ದಂತೆ 26 ಕೆ.ಜಿ. ಆಯಿತು. ಚೀಲ ಅಚ್ಚು ಹಾಕಿದವರು, ತುಂಬಿದವರು, ಹೊತ್ತ ಹಮಾಲರು, ಮಾರಿದ ಕಿರಾಣಿಯವರು, ಒಬ್ಬರೂ ಪಾಸ್‌ವರ್ಡ್ ಕೇಳಲಿಲ್ಲ.