ಕಾವೇರಿ ಹೆಪ್ಪುಗಟ್ಟಿದ್ದರೆ

ಮಡಿಕೇರಿಯಲ್ಲಿ ರಾಜಾಸೀಟಿಗೆ ಹೋಗುವ ದಾರಿಯಲ್ಲಿ ಬರೀ ಫ್ರೆಂಚ್ ಫ್ರೈಸ್ ಮಾರುವ ಅಂಗಡಿ ಬಂದಿದೆ. ಊಟ ಇಲ್ಲ, ಕಾಫಿ ಇಲ್ಲ, ಆಲೂಗಡ್ಡೆ ಮಾತ್ರ. ಅಂಗಡಿಯ ಹೆಸರು ಹೇಳುವುದಿಲ್ಲ. ಹೇಳಲು ಬರುವುದೂ ಇಲ್ಲ. ಕಾನೂನಿನ ಪ್ರಕಾರ ಬೋರ್ಡಿನಲ್ಲಿ ಶೇ. 60 ಕನ್ನಡವೇ ಇದೆ. ಆದರೆ ಕೊನೆಯ ಎರಡು ಅಕ್ಷರ ಬಾಯಲ್ಲಿ ಹೇಳಬಾರದಂತೆ, ಸುಮ್ನೆ ನೋಡಬೇಕಂತೆ.

ಇಂಥದ್ದು ಬೆಂಗಳೂರಿನ ಇಂದಿರಾನಗರದಲ್ಲೋ ಕೋರಮಂಗಲದಲ್ಲೋ ಇದ್ದರೆ ನನ್ನ ತಕರಾರಿಲ್ಲ. ಅಲ್ಲಿ ನೀರಿಗೆ ಸೌತೆಕಾಯಿ ಹೋಳು ಹಾಕಿದರೂ ಬಿಲ್ ಬರುತ್ತದೆ. ಆದರೆ ಆ ಇಂದಿರಾನಗರದ ಕಾಟವೇ ಬೇಡ ಅಂತ ಆರು ಗಂಟೆ ಕಾರು ಓಡಿಸಿ, ಕುಶಾಲನಗರದ ಟ್ರಾಫಿಕ್‌ನಲ್ಲಿ ಬೆವತು ಮೇಲೆ ಬಂದವರು, ಇಲ್ಲಿ ಛತ್ರಿ ಹಿಡಿದು ಕ್ಯೂ ನಿಲ್ಲುವುದು ಇಂದಿರಾನಗರದ ತಿಂಡಿಗೇ.

ಶನಿವಾರಸಂತೆ ಕಡೆಯ ನಮ್ಮ ದೊಡ್ಡಪ್ಪ ಯಾವುದೋ ಪಹಣಿ ಕೆಲಸಕ್ಕೆ ಬಂದಿದ್ದರು. ಕ್ಯೂ ನೋಡಿ, "ರೇಷನ್ ಕೊಡ್ತಾ ಇದ್ದಾರೇನೋ?" ಅಂದರು. ಅಲ್ಲ ದೊಡ್ಡಪ್ಪ, ಆಲೂಗಡ್ಡೆ ಅಂದೆ. "ಹಾಗಾದ್ರೆ ನೋಡಿಯೇ ಬಿಡೋಣ" ಅಂತ ನಿಂತೇಬಿಟ್ಟರು.

ಒಳಗೆ ಮೆನು ಕಾರ್ಡಿನಲ್ಲಿ ಒಂದು ಕತೆ. 1680ರಲ್ಲಿ ಬೆಲ್ಜಿಯಂನ ನಾಮೂರ್ ಊರಿನಲ್ಲಿ ಹೊಳೆ ಹೆಪ್ಪುಗಟ್ಟಿತಂತೆ. ಹೊಳೆಯ ಸಣ್ಣ ಮೀನು ಕರಿದು ತಿನ್ನುತ್ತಿದ್ದ ಜನಕ್ಕೆ ಮೀನು ಸಿಗಲಿಲ್ಲ. ಆಲೂಗಡ್ಡೆಯನ್ನೇ ಮೀನಿನ ಹಾಗೆ ಕತ್ತರಿಸಿ ಕರಿದರಂತೆ. ಆ ಕಾಲಕ್ಕೆ ಆ ಕಡೆ ಆಲೂಗಡ್ಡೆಯೇ ಬಂದಿರಲಿಲ್ಲ ಅಂತ ಇತಿಹಾಸ ಬಲ್ಲವರು ತಲೆ ಆಡಿಸುತ್ತಾರೆ. ಇರಲಿ, ಕತೆ ಚೆನ್ನಾಗಿದೆ. ನನಗೆ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ಹೊಳೆ ನಮಗೂ ಇತ್ತು, ಸಣ್ಣ ಮೀನೂ ಇತ್ತು. ನಮ್ಮ ಕಾವೇರಿ ಬೇಸಿಗೆಯಲ್ಲಿ ಬಂಡೆ ತೋರಿಸುತ್ತಾಳೆ, ಆಗಸ್ಟಿನಲ್ಲಿ ಬಡಾವಣೆಗಳ ಒಳಗೆ ನುಗ್ಗಿ ಸೋಫಾ ತೊಳೆಯುತ್ತಾಳೆ. ಹೆಪ್ಪುಗಟ್ಟುವುದೊಂದನ್ನು ಮಾಡಲಿಲ್ಲ ನೋಡಿ. ಇಲ್ಲದಿದ್ದರೆ ಇವತ್ತು ಬ್ರಸೆಲ್ಸ್‌ನವರು ಕೊಡಗು ಫ್ರೈಸ್‌ಗೆ ಕ್ಯೂ ನಿಲ್ಲುತ್ತಿದ್ದರು.

ಕೌಂಟರಿನ ಹುಡುಗ ಬಹಳ ವಿನಯದವನು. "ಸರ್, ನಾವು ಎರಡು ಸಲ ಕರೀತೀವಿ. ಮೊದಲು 150 ಡಿಗ್ರಿಯಲ್ಲಿ ಒಳಗೆ ಬೇಯಿಸಿ, ಆರಲು ಬಿಟ್ಟು, ಆಮೇಲೆ 180ರಲ್ಲಿ ಗರಿಗರಿ ಮಾಡ್ತೀವಿ" ಅಂದ. ವಿದ್ಯೆ ನಿಜವಾದದ್ದೇ, ಬೆಲ್ಜಿಯಂನವರು ಮಾಡುವುದೂ ಹೀಗೇ. ದೊಡ್ಡಪ್ಪ ಮಾತ್ರ, "ನಿಮ್ಮ ದೊಡ್ಡಮ್ಮ ಮೆತ್ತಗಾದ ಹಪ್ಪಳ ಎರಡನೇ ಸಲ ಬಾಣಲೆಗೆ ಹಾಕಿದ್ರೆ ನಾನು ಬೈತಿದ್ದೆ ಕಣೋ" ಅಂತ ನನ್ನ ಕಿವಿಯಲ್ಲಿ ಪಶ್ಚಾತ್ತಾಪ ಪಟ್ಟರು.

ಅದೇ ಬೆಲ್ಜಿಯಂನಲ್ಲಿ ಹಳೇ ಪದ್ಧತಿಯಂತೆ ಕರಿಯುವುದು ದನದ ಕೊಬ್ಬಿನಲ್ಲಿ. ನೀವು ಯಾವುದರಲ್ಲಿ ಅಂತ ಕೇಳಿದೆ. ಹುಡುಗ ಆಚೆ ಈಚೆ ನೋಡಿ, "ಸನ್‌ಫ್ಲವರ್ ಸರ್, ಸನ್‌ಫ್ಲವರ್" ಅಂತ ಎರಡು ಸಲ ಹೇಳಿದ. ಅದನ್ನೂ ಎರಡು ಸಲ.

ಆಮೇಲೆ ಸಾಸ್‌ಗಳು. ಒಟ್ಟು ಹನ್ನೊಂದು. ಅದರಲ್ಲಿ ಒಂದು 'ಕೂರ್ಗ್ ಪಂದಿ ಕರಿ ಡಿಪ್'. ಪಕ್ಕದಲ್ಲಿ ಹಸಿರು ಚುಕ್ಕಿ! ಹಂದಿ ಇಲ್ಲದ ಪಂದಿ ಕರಿ. ಹೋಗಲಿ, ಪಂದಿ ಕರಿಗೆ ಹುಳಿ ಕೊಡುವ ಕಾಚಂಪುಳಿಯಾದರೂ ಇದೆಯಾ ಅಂದೆ. ಹಣ್ಣಾಗಿ ಕೊಳೆತ ಪಣಪುಳಿಯ ರಸ ತೊಟ್ಟು ತೊಟ್ಟಾಗಿ ಇಳಿಸಿ, ಟಾರಿನ ಹಾಗೆ ಕಪ್ಪಗಾಗುವ ತನಕ ಒಲೆ ಮುಂದೆ ಕೂತು ಕುದಿಸಬೇಕು ಅದನ್ನು. ಇವರದ್ದರಲ್ಲಿ ವಿನೆಗರ್. ಒಟ್ಟಿನಲ್ಲಿ ಪಂದಿ ಕರಿಯಿಂದ ಉಳಿದಿದ್ದು 'ಕರಿ' ಮಾತ್ರ. ಅದೂ ಬಣ್ಣ.

ದೊಡ್ಡಪ್ಪನಿಗೆ ಇದ್ದಿದ್ದು ಒಂದೇ ಕುತೂಹಲ, ಗಡ್ಡೆ ಎಲ್ಲಿಯದು ಅಂತ. ಶನಿವಾರಸಂತೆ ದಾಟಿದರೆ ಹಾಸನ ಜಿಲ್ಲೆ, ಆಲೂಗಡ್ಡೆಯ ಸೀಮೆ. "ಹಾಸನದ್ದೇ ಅಲ್ವಾ?" ಅಂದರು. ಹುಡುಗನಿಗೆ ಅವಮಾನವಾಯಿತು. "ಇಲ್ಲ ಸರ್, ಅದರಲ್ಲಿ ನೀರು ಜಾಸ್ತಿ. ನಮ್ಮದು ಗುಜರಾತಿನಿಂದ ಫ್ರೋಜನ್ ಬರುತ್ತೆ." ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಫ್ರೈಸ್‌ಗೆ ನೀರು ಕಡಿಮೆ, ಸಕ್ಕರೆ ಕಡಿಮೆ ಇರುವ ಗಡ್ಡೆಯೇ ಬೇಕು, ಇಲ್ಲದಿದ್ದರೆ ಕಂದಿ ಹೋಗುತ್ತದೆ. ಅಂತೂ ಹೆಸರು ಫ್ರಾನ್ಸಿನದು, ಕತೆ ಬೆಲ್ಜಿಯಂದು, ಗಡ್ಡೆ ಗುಜರಾತಿನದು. ಕೊಡಗಿನದು ಅಂತ ಇದ್ದಿದ್ದು ಮಳೆ ಒಂದೇ. ಆ ಮಳೆಗೆ ಇವರ ಗರಿಗರಿ ಎಷ್ಟು ಹೊತ್ತು ತಡೆಯುತ್ತದೆ? ನಮ್ಮ ಮುಂದಿನ ಜೋಡಿ ಫೋಟೋ ತೆಗೆದು ಮುಗಿಸುವ ಹೊತ್ತಿಗೆ ಅವರ ಕೈಯಲ್ಲಿದ್ದ ಕಾಗದದ ಪೊಟ್ಟಣ, ಅದರೊಳಗಿನ ಫ್ರೈಸ್, ಎರಡೂ ಒದ್ದೆ ಕಾಲುಚೀಲದ ಹಾಗೆ ಜೋತುಬಿದ್ದಿದ್ದವು.

ಬೆಲೆ: 150 ಗ್ರಾಮಿಗೆ 240 ರೂಪಾಯಿ. ದೊಡ್ಡಪ್ಪ ಬೆರಳಲ್ಲೇ ಲೆಕ್ಕ ಹಾಕಿ, "ಕೆಜಿಗೆ 1,600!" ಅಂದರು. "ಮೆಣಸಿಗೂ ಇಷ್ಟು ರೇಟಿಲ್ಲ. ಬಳ್ಳಿ ಕಿತ್ತು ಆಲೂ ಹಾಕಿಬಿಡ್ಲಾ?" ಕಾಡುಹಂದಿ ಬಿಡುತ್ತಾ ದೊಡ್ಡಪ್ಪ ಅಂದೆ. "ಬಂದ್ರೆ ಬರಲಿ ಬಿಡು, ಈ ಹುಡುಗನ ಡಿಪ್‌ಗೆ ಆಗುತ್ತೆ" ಅಂದರು.

ನಮ್ಮ ಸರದಿ ಬಂತು. ಗಡ್ಡೆ ಒಂದು ಸಲ ಬೆಂದಿತು. ಕರೆಂಟು ಹೋಯಿತು. ಮಡಿಕೇರಿಯ ಜುಲೈ ತಿಂಗಳು, ಯಾವಾಗ ಬರುತ್ತೆ ಅಂತ ಕೇಳುವುದೇ ದಡ್ಡತನ. ಜನರೇಟರ್ ಇತ್ತು, ಆದರೆ ಅದು ಬೋರ್ಡಿನ ಬಣ್ಣದ ದೀಪಕ್ಕೆ ಮಾತ್ರ. ಹುಡುಗ ಒಂದು ನಿಮಿಷ ಯೋಚಿಸಿ, ಅರ್ಧ ಬೆಂದ ಫ್ರೈಸಿನ ಜಾಲರಿ ಎತ್ತಿಕೊಂಡು, ಮಳೆಯಲ್ಲೇ ಪಕ್ಕದ ಬಾಳೆಕಾಯಿ ಚಿಪ್ಸ್ ಅಂಗಡಿಗೆ ಓಡಿದ. ಅಲ್ಲಿ ದೊಡ್ಡ ಬಾಣಲೆ, ಕುದಿಯುವ ತೆಂಗಿನೆಣ್ಣೆ, ನೇಂದ್ರ ಬಾಳೆಕಾಯಿ ನೇರ ಎಣ್ಣೆಗೇ ಹೆರೆಯುತ್ತಿದ್ದ ಯಜಮಾನರು. ಅವರು ಡಿಗ್ರಿ ಗಿಗ್ರಿ ಕೇಳಲಿಲ್ಲ. "ಹಾಕು ಮಾರಾಯ" ಅಂದರು, ಅಷ್ಟೇ.

ಸತ್ಯ ಹೇಳಬೇಕಲ್ವಾ? ತುಂಬಾ ಚೆನ್ನಾಗಿತ್ತು. ದೊಡ್ಡಪ್ಪ ಪೊಟ್ಟಣದ ತಳದ ಉಪ್ಪನ್ನೂ ಬಿಡಲಿಲ್ಲ.

ಬಿಲ್ಲು ಬಂತು. ಫ್ರೈಸ್ 240. ಅದರ ಕೆಳಗೆ ಪೆನ್ನಿನಲ್ಲಿ ಬರೆದಿತ್ತು: 'ಕೋಕೋನಟ್ ಆಯಿಲ್ ಅಪ್‌ಗ್ರೇಡ್, 60'.