ಮರಿಯಾ ಸಬೀನಾಗೆ ಏನು ಸಿಕ್ಕಿತು?

ಕೆಲವು ಅಣಬೆಗಳಲ್ಲಿರುವ, ಮನಸ್ಸಿನ ಸ್ಥಿತಿಯನ್ನೇ ಬದಲಿಸುವ ಸೈಲೊಸಿಬಿನ್ ಎಂಬ ರಾಸಾಯನಿಕದ ಬಗ್ಗೆ ಈಗ ಎಲ್ಲಾ ಕಡೆ ಮಾತು. ಖಿನ್ನತೆಗೆ ಮದ್ದು ಅಂತಾರೆ, ದೇವರನ್ನು ಕಾಣುವ ದಾರಿ ಅಂತಾರೆ. ಆದರೆ ಮರಿಯಾ ಸಬೀನಾ ಹೆಸರು ಎತ್ತುವವರು ಕಡಿಮೆ. ನನಗೆ ಸಂಕಟ ಆಗುವುದು ಅದಕ್ಕೇ.

ಮೆಕ್ಸಿಕೋದ ವಹಾಕಾ ರಾಜ್ಯದ ಬೆಟ್ಟಗಳ ನಡುವೆ ವಾವುತ್ಲಾ ಅಂತ ಒಂದು ಊರು. ಮರಿಯಾ ಅಲ್ಲಿನ ಮಸಾಟೆಕ್ ಬುಡಕಟ್ಟಿನ ವೈದ್ಯೆ. ಓದು ಬರಹ ಗೊತ್ತಿರಲಿಲ್ಲ. ಅಣಬೆಗಳನ್ನು 'ಪವಿತ್ರ ಮಕ್ಕಳು' ಅನ್ನುತ್ತಿದ್ದರು. ಕಾಯಿಲೆ ಬಿದ್ದವರ ಜೊತೆ ರಾತ್ರಿಯಿಡೀ ಕೂತು ಹಾಡುತ್ತಿದ್ದರು. ಸುಮ್ನೆ ದೇವರನ್ನು ಹುಡುಕಲು ಅಲ್ಲಿ ಯಾರೂ ಅಣಬೆ ತಿನ್ನುತ್ತಿರಲಿಲ್ಲ.

1955ರಲ್ಲಿ ಗಾರ್ಡನ್ ವಾಸನ್ ಎಂಬ ಅಮೆರಿಕದ ಬ್ಯಾಂಕ್ ಅಧಿಕಾರಿ ಬಂದರು. ಮರಿಯಾ ಅವರನ್ನು ನಂಬಿ ಅಣಬೆಯ ಆಚರಣೆಯಲ್ಲಿ ಪಕ್ಕದಲ್ಲಿ ಕೂರಿಸಿಕೊಂಡರು. 1957ರಲ್ಲಿ ಅಮೆರಿಕದ ಲೈಫ್ ಪತ್ರಿಕೆಯಲ್ಲಿ ಅದರ ಬಗ್ಗೆ ವಾಸನ್ ಬರೆದ ಲೇಖನ ಫೋಟೊ ಸಮೇತ ಬಂತು. ಮರಿಯಾ ಹೆಸರನ್ನೇನೋ ಬದಲಿಸಿದ್ದರು. ಆದರೂ ಜನ ಹುಡುಕಿಕೊಂಡು ಬಂದರು. ಹಿಪ್ಪಿಗಳು ಬಂದರು, ಹಿಂದೆಯೇ ಪೊಲೀಸರು. ಊರವರು ಮರಿಯಾ ಮೇಲೆ ತಿರುಗಿಬಿದ್ದರು. ಅವರ ಮನೆ ಸುಟ್ಟುಹೋಯಿತು. ಪರದೇಶದವರು ಬಂದಮೇಲೆ ಅಣಬೆ ತನ್ನ ಶಕ್ತಿ ಕಳಕೊಂಡಿತು ಎಂದು ಮರಿಯಾ ನೊಂದುಕೊಂಡಿದ್ದರು. 1985ರಲ್ಲಿ ಬಡತನದಲ್ಲೇ ತೀರಿಕೊಂಡರು.

ಆ ಅಣಬೆಯಿಂದಲೇ 1958ರಲ್ಲಿ ಸ್ವಿಸ್ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ಸೈಲೊಸಿಬಿನ್ ಬೇರ್ಪಡಿಸಿದರು. 1962ರಲ್ಲಿ ಅದರ ಮಾತ್ರೆ ಹಿಡಿದು ಮರಿಯಾ ಹತ್ತಿರವೇ ಹೋದರು. ಅಣಬೆಯ ಶಕ್ತಿ ಇದರಲ್ಲೂ ಇದೆ ಅಂದರು ಆಕೆ. ಮಾತ್ರೆ ಸರಿಯಿದೆಯಾ ಎಂದು ತಿಳಿಯಲು ಅವರೇ ಬೇಕಾಯಿತು, ಅಲ್ವಾ?

ನಾನು ಸಂಶೋಧನೆಯ ವಿರೋಧಿ ಅಲ್ಲ. ಸಾವಿನ ಭಯದಲ್ಲಿದ್ದ ಕ್ಯಾನ್ಸರ್ ರೋಗಿಗಳಿಗೆ ಇದರಿಂದ ನೆಮ್ಮದಿ ಸಿಕ್ಕಿದೆ ಎಂದು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯ 2016ರಲ್ಲಿ ತೋರಿಸಿತು. ಅದು ದೊಡ್ಡ ಮಾತು. ಆ ಪ್ರಯೋಗದಲ್ಲೂ ರೋಗಿಯನ್ನು ಮೊದಲೇ ಸಿದ್ಧಪಡಿಸುತ್ತಾರೆ, ಸಂಗೀತ ಹಾಕುತ್ತಾರೆ, ಪರಿಣಾಮ ಇಳಿಯುವವರೆಗೂ ಪಕ್ಕದಲ್ಲೇ ಕೂರುತ್ತಾರೆ. ಮಸಾಟೆಕ್ ಹೆಂಗಸರು ಇದನ್ನೇ ಅಲ್ವಾ ಮಾಡಿಕೊಂಡು ಬಂದದ್ದು? ಈ ಔಷಧಿಯಿಂದ ದುಡ್ಡು ಬಂದರೆ ಅದರಲ್ಲಿ ಅವರ ಊರಿಗೂ ಪಾಲು ಹೋಗಬೇಕು. ದಾನ ಅಂತ ಅಲ್ಲ, ಹಕ್ಕು ಅಂತ.

ಅಮೆಜಾನ್ ಕಾಡಿನ ಬುಡಕಟ್ಟುಗಳು ಪವಿತ್ರ ಎಂದು ನಂಬುವ ಅಯಹುವಾಸ್ಕಾ ಬಳ್ಳಿಯ ಕಥೆ ಇನ್ನೂ ಕೆಟ್ಟದ್ದು. ಅದರ ಒಂದು ತಳಿಗೆ 1986ರಲ್ಲಿ ಅಮೆರಿಕದವರೊಬ್ಬರು ಪೇಟೆಂಟ್ ಪಡೆದರು. ಅಮೆಜಾನಿನ ಬುಡಕಟ್ಟುಗಳು ಹೋರಾಡಿ 1999ರಲ್ಲಿ ಅದನ್ನು ರದ್ದು ಮಾಡಿಸಿದವು. 2001ರಲ್ಲಿ ಮತ್ತೆ ಅದಕ್ಕೆ ಜೀವ ಬಂತು!

ಪೆಯೋಟೆ ಕಳ್ಳಿಯ ವಿಷಯದಲ್ಲಿ ಮಾತ್ರ ನನ್ನದು ಗಟ್ಟಿ ಮಾತು. ಟೆಕ್ಸಸ್‌ನ ದಕ್ಷಿಣದಲ್ಲಿ, ಮೆಕ್ಸಿಕೋದ ಉತ್ತರದಲ್ಲಿ ಬೆಳೆಯುವ ಇದು ಬಲಿಯಲು ವರ್ಷಗಟ್ಟಲೆ ಬೇಕು. ಅಮೆರಿಕದ ಮೂಲನಿವಾಸಿಗಳ ಧಾರ್ಮಿಕ ಪಂಥವಾದ ನೇಟಿವ್ ಅಮೆರಿಕನ್ ಚರ್ಚ್‌ನವರ ಪೂಜೆಗೆ ಅದೇ ಆಧಾರ. ನಮ್ಮ ಪೆಯೋಟೆಯನ್ನು ನಮಗೆ ಬಿಡಿ ಎಂದು ಅವರು ಬಾಯಿಬಿಟ್ಟು ಕೇಳಿದ್ದಾರೆ. ಅದರೊಳಗಿನ, ಮನಸ್ಸಿನ ಮೇಲೆ ಪರಿಣಾಮ ಬೀರುವ ಮೆಸ್ಕಲಿನ್ ಎಂಬ ರಾಸಾಯನಿಕವನ್ನು 1919ರಲ್ಲೇ ಲ್ಯಾಬಿನಲ್ಲಿ ತಯಾರಿಸಿ ಆಗಿದೆ. ಸಂಶೋಧನೆಗೆ ಅದು ಸಾಕು. ಕಳ್ಳಿಯನ್ನು ಯಾರೂ ಕೀಳಬೇಕಿಲ್ಲ.