ಮೊದಲು ತಕ್ಕಡಿ, ಆಮೇಲೆ ಬಣ್ಣ

ರೇಡಿಯೊ ನಿಯಂತ್ರಣದ ಫೋಮ್ ವಿಮಾನಗಳನ್ನು ಹಾರಿಸುವ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನಲ್ಲಿ. ಅವುಗಳನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಕಲಿತದ್ದು ಪುಣೆಯಲ್ಲಿ. ಬಿದ್ದು ಮೂತಿ ಜಜ್ಜಿಹೋದ, ಬಿಸಿಲಿಗೆ ಹಳದಿ ತಿರುಗಿದ, ಸ್ಟಿಕ್ಕರುಗಳ ಅಂಚು ಎದ್ದುಬಂದ ಹಳೆಯ ವಿಮಾನವೊಂದನ್ನು ಮುಂದಿಟ್ಟರೆ ನಾನು ಬಲ್ಲ ಬೆಂಗಳೂರಿನ ಹವ್ಯಾಸಿಗಳು ಇದಕ್ಕೆ ಯಾವ ಬಣ್ಣ ಒಪ್ಪುತ್ತದೆ ಎಂದು ಕೇಳುತ್ತಾರೆ. ಪುಣೆಯ ಗೆಳೆಯರು ಇದರ ತೂಕ ಈಗ ಎಷ್ಟಿದೆ ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದದ್ದು ಪುಣೆಯವರ ಪ್ರಶ್ನೆಯನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಬಣ್ಣವನ್ನು ಆರಿಸುವ ಮಾತು ಬಂದಾಗ ಅವರೊಡನೆ ನನಗೆ ಜಗಳವಿದೆ.

ಈ ವ್ಯತ್ಯಾಸಕ್ಕೆ ಜನರ ಸ್ವಭಾವಕ್ಕಿಂತ ಮಳೆಯೇ ದೊಡ್ಡ ಕಾರಣವೆಂದು ನನಗೆ ತೋರುತ್ತದೆ. ಬೆಂಗಳೂರಿನ ಮಳೆ ಹೆಚ್ಚಾಗಿ ಮಧ್ಯಾಹ್ನದ ನಂತರದ್ದು. ವರ್ಷದ ಬಹುಪಾಲು ಭಾನುವಾರಗಳ ಮುಂಜಾನೆ ಹಾರಿಸಲು ಅಡ್ಡಿಯಿರುವುದಿಲ್ಲ. ಹಾಗಾಗಿ ಅಲ್ಲಿ ದುರಸ್ತಿಯೆಂದರೆ ಎರಡು ಭಾನುವಾರಗಳ ನಡುವೆ ಮುಗಿಯಬೇಕಾದ ಅವಸರದ ಕೆಲಸ: ಹಾಟ್ ಗ್ಲೂ ಗನ್ನಿನಿಂದ ಅಂಟಿಸಿ, ಡಬ್ಬಿಯ ಸ್ಪ್ರೇ ಬಣ್ಣ ಹೊಡೆದು, ಕಾರಿಗೆ ಹಾಕಿಕೊಂಡು ಹೊರಟುಬಿಡುವುದು. ಪುಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಅದರಲ್ಲೂ ಪೌಡ್, ಮುಳ್ಶಿಗಳ ಕಡೆಯ ಬಯಲುಗಳಲ್ಲಿ, ಕೆಸರು ಮತ್ತು ಜಿಟಿಜಿಟಿ ಮಳೆಯಿಂದಾಗಿ ಹಾರಾಟ ಬಹುಮಟ್ಟಿಗೆ ನಿಂತೇಹೋಗುತ್ತದೆ. ಹವ್ಯಾಸಿಯ ಮುಂದೆ ನಾಲ್ಕು ತಿಂಗಳು, ಒಂದು ಮೇಜು, ಮತ್ತು ಕಳೆದ ಹಂಗಾಮಿನಲ್ಲಿ ಪೆಟ್ಟುತಿಂದ ವಿಮಾನಗಳು ಉಳಿಯುತ್ತವೆ. ಇಷ್ಟು ಸಮಯವಿದ್ದವನು ಅಳೆಯುತ್ತಾನೆ, ತೂಗುತ್ತಾನೆ, ಇನ್ನೊಬ್ಬರ ಕೆಲಸದಲ್ಲಿ ಹುಳುಕು ಹುಡುಕುತ್ತಾನೆ. ಪುಣೆಯವರಿಗೆ ಈ ಮೂರನೆಯದು ಹೇಳಿಕೊಡಬೇಕಾದ ವಿದ್ಯೆಯೇನಲ್ಲ.

ಪುಣೆಯ ಕೋಥ್ರೂಡ್ ಬಡಾವಣೆಯ ಸುತ್ತಮುತ್ತ ಇರುವ ನಮ್ಮ ಸಣ್ಣ ಕನ್ನಡದ ಗುಂಪಿನಲ್ಲಿ ಬೆಳಗಾವಿ, ವಿಜಯಪುರ, ಸೊಲ್ಲಾಪುರದ ಕಡೆಯವರೇ ಹೆಚ್ಚು. ಅವರ ನಡುವೆ ನಾನೊಬ್ಬ ಬೆಂಗಳೂರಿನವನು. ಗುಂಪಿನ ಹಿರಿಯರೊಬ್ಬರು, ಎಲ್ಲರೂ ಕಾಕಾ ಎಂದು ಕರೆಯುವ ವಿಜಯಪುರದ ನಿವೃತ್ತ ಮೇಷ್ಟ್ರು, ಯಾರು ಏನು ತಂದರೂ ಹೇಳುವುದು ಒಂದೇ ಮಾತು: “ಬಣ್ಣ ಆಮ್ಯಾಲ ನೋಡೂಣ್ರೀ, ಮೊದಲ ತಕ್ಕಡಿ ಮ್ಯಾಲ ಇಡ್ರಿ.” ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಒಡಲು, ರೆಕ್ಕೆ, ಬಾಲಗಳನ್ನು ಬೇರೆಬೇರೆಯಾಗಿ ತೂಗಿ, ಆ ಅಂಕಿಗಳನ್ನು ಪೆನ್ಸಿಲಿನಲ್ಲಿ ರೆಕ್ಕೆಯ ಬುಡದ ಒಳಮುಖದಲ್ಲಿ ಬರೆದಿಟ್ಟ ಮೇಲೆಯೇ ಅವರು ಪಾಲಿಶ್ ಪೇಪರನ್ನು ಕೈಗೆ ಕೊಡುತ್ತಾರೆ.

ಇದರಲ್ಲಿ ಅತಿ ಎಚ್ಚರಿಕೆಯೇನೂ ಇಲ್ಲ, ಸರಳ ಲೆಕ್ಕವಿದೆ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1.2 ಮೀಟರ್, ಬ್ಯಾಟರಿ ಸೇರಿ ತೂಕ ಸುಮಾರು 900 ಗ್ರಾಂ ಇರುವ ಸಾಧಾರಣ ತರಬೇತಿ ವಿಮಾನವೊಂದನ್ನು ತೆಗೆದುಕೊಳ್ಳೋಣ. ಅದರ ಎಲ್ಲ ಮೈಗಳನ್ನೂ ಕೂಡಿಸಿದರೆ ಮುಕ್ಕಾಲು ಚದರ ಮೀಟರಿನ ಆಸುಪಾಸು ಬರುತ್ತದೆ. ಕುಂಚದಲ್ಲಿ ಹಚ್ಚಿದ ಅಕ್ರಿಲಿಕ್ ಬಣ್ಣದ ಒಂದು ಕೈ ಒಣಗಿದ ಮೇಲೆ ಚದರ ಮೀಟರಿಗೆ 30ರಿಂದ 50 ಗ್ರಾಂ ಉಳಿಸಿಹೋಗುತ್ತದೆ. ಎರಡು ಕೈ ಬಣ್ಣ, ಗುಂಡಿಗಳಿಗೆ ತುಂಬಿದ ಪುಟ್ಟಿ, ಮೇಲಿನ ವಾರ್ನಿಶ್ ಎಲ್ಲವೂ ಸೇರಿದರೆ 90 ಗ್ರಾಂ ಸುಲಭವಾಗಿ ಏರುತ್ತದೆ. ವಿಮಾನ ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗ ತೂಕದ ವರ್ಗಮೂಲಕ್ಕೆ ಅನುಗುಣವಾಗಿ ಏರುವುದರಿಂದ, ನೂರಕ್ಕೆ ಹತ್ತರಷ್ಟು ತೂಕ ಹೆಚ್ಚಾದರೆ ಇಳಿಯುವ ವೇಗ ನೂರಕ್ಕೆ ಐದರಷ್ಟು ಹೆಚ್ಚುತ್ತದೆ. ಕೇಳಲು ಇದು ಚಿಕ್ಕದೆನಿಸುತ್ತದೆ. ಕಲಿಯುವವನು ಗಿಡಗಂಟಿಗಳಿರುವ ಸಣ್ಣ ಬಯಲಿನಲ್ಲಿ ಇಳಿಸುವಾಗ ಚಿಕ್ಕದಲ್ಲ. ಇಲ್ಲಿ ಒಂದು ವಿಚಿತ್ರವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಪುಣೆ 560ರಲ್ಲಿ. ಗಾಳಿ ತೆಳ್ಳಗಿರುವುದು ಬೆಂಗಳೂರಿನಲ್ಲಿ. ತೂಕಕ್ಕೆ ಹೆಚ್ಚು ಹೆದರಬೇಕಾದವರು ಅಲ್ಲಿಯವರೇ.

ಒಟ್ಟು ತೂಕಕ್ಕಿಂತ ಕೆಟ್ಟದ್ದು ಬಾಲದ ತೂಕ. ಬಾಲವು ಗುರುತ್ವ ಕೇಂದ್ರದಿಂದ 60 ಸೆಂಟಿಮೀಟರ್ ಹಿಂದಿದ್ದು ಬ್ಯಾಟರಿ 20 ಸೆಂಟಿಮೀಟರ್ ಮುಂದಿದ್ದರೆ, ಬಾಲಕ್ಕೆ ಬಳಿದ 10 ಗ್ರಾಂ ಬಣ್ಣವನ್ನು ಸರಿದೂಗಿಸಲು ಬ್ಯಾಟರಿಯ ಜಾಗದಲ್ಲಿ 30 ಗ್ರಾಂ ಸೀಸ ಬೇಕು. ರೆಕ್ಕೆಯ ಹಿಂಬದಿಯಲ್ಲಿ ಆಡುವ ಏಲೆರಾನ್, ಬಾಲದಲ್ಲಿ ಆಡುವ ಎಲಿವೇಟರ್‌ಗಳ ಹಿಂದಿನ ಅಂಚಿಗೆ ದಪ್ಪ ಬಣ್ಣ ಕೂತರೆ ವೇಗದಲ್ಲಿ ಅವು ಪಟಪಟನೆ ಅದುರತೊಡಗಿ ಕೀಲೇ ಹರಿದುಹೋಗುವ ಅಪಾಯವಿದೆ. ಆದ್ದರಿಂದ ಚಲಿಸುವ ಭಾಗಗಳಿಗೆ ಒಂದೇ ಒಂದು ತೆಳು ಕೈ, ಅದೂ ಬೇಕಿದ್ದರೆ ಮಾತ್ರ. ಇನ್ನು ಪುಟ್ಟ ವಿಮಾನಗಳವರು ಕಾನೂನನ್ನೂ ನೆನಪಿಡಬೇಕು: 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ ವರ್ಗ, ಅದನ್ನು ದಾಟಿದರೆ 2 ಕಿಲೋವರೆಗೆ ಮೈಕ್ರೊ. 245 ಗ್ರಾಂ ತೂಗುವ ವಿಮಾನ ಒಂದು ಕೈ ಬಣ್ಣದಿಂದಲೇ ವರ್ಗ ಬದಲಿಸಬಲ್ಲದು.

ಇನ್ನು ಕೈಯಲ್ಲಿರುವುದು ಯಾವ ಫೋಮ್ ಎಂಬ ವಿಚಾರ. ನಾವು ಥರ್ಮಾಕೋಲ್ ಎನ್ನುವ ಇಪಿಎಸ್‌ನಲ್ಲಿ ನೂರಕ್ಕೆ 98 ಪಾಲು ಗಾಳಿಯೇ ಇರುತ್ತದೆ. ಉಳಿದ ಪಾಲಿಸ್ಟೈರೀನ್ ಅಸಿಟೋನ್, ಟಾಲ್ವೀನ್‌ಗಳು ಸೋಕಿದ ಕ್ಷಣವೇ ಕರಗಿ ಕುಸಿಯುತ್ತದೆ. ಕಿತ್ತಳೆ ಸಿಪ್ಪೆಯನ್ನು ಹಿಂಡಿದಾಗ ಸಿಡಿಯುವ ಎಣ್ಣೆ ಕೂಡ ಅದನ್ನು ತಿನ್ನುತ್ತದೆ, ಹಾಗಾಗಿ ಮೇಜಿನ ಬಳಿ ಕೂತು ಹಣ್ಣು ಸುಲಿಯಬಾರದು. ಸಾಮಾನ್ಯ ಸ್ಪ್ರೇ ಡಬ್ಬಿಗಳಲ್ಲಿರುವುದು ಇಂಥ ದ್ರಾವಕಗಳೇ. ಈಚಿನ ಕಿಟ್‌ಗಳಲ್ಲಿ ಬರುವ ಇಪಿಒ ಫೋಮ್ ಇದಕ್ಕಿಂತ ಗಟ್ಟಿಗ. ದೂರದಿಂದ ತೆಳ್ಳಗೆ ಮಂಜಿನಂತೆ ಹೊಡೆದರೆ ಸ್ಪ್ರೇಯನ್ನು ತಡೆದುಕೊಳ್ಳುತ್ತದೆ, ಫೆವಿಕ್ವಿಕ್ ಜಾತಿಯ ಅಂಟನ್ನೂ ಸಹಿಸುತ್ತದೆ. ಇಪಿಪಿ ಇನ್ನೂ ಜಿಗುಟು, ಆದರೆ ಬಣ್ಣವೇ ಅದಕ್ಕೆ ಸರಿಯಾಗಿ ಹತ್ತುವುದಿಲ್ಲ. ಯಾವುದೆಂದು ಗೊತ್ತಾಗದಿದ್ದರೆ ಮೋಟಾರಿನ ಹಿಂದಿನ ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ಕಾಯುವುದೊಂದೇ ದಾರಿ.

ಪುಣೆಯವರಿಗೆ ಫೋಮ್ ತುಣುಕುಗಳ ಮೇಲೆ ಇರುವ ಮೋಹಕ್ಕೆ ಒಂದು ಹಿನ್ನೆಲೆಯಿದೆ. ಗಣೇಶೋತ್ಸವದ ಮಖರಗಳಿಗಾಗಿ, ಅಂದರೆ ಮೂರ್ತಿಯ ಅಲಂಕಾರದ ಮಂಟಪಗಳಿಗಾಗಿ, ಇಲ್ಲಿನ ಪೇಠೆಗಳಲ್ಲಿ ಥರ್ಮಾಕೋಲ್ ಹಲಗೆಗಳು ರಾಶಿಬಿದ್ದಿರುತ್ತಿದ್ದ ಕಾಲವೊಂದಿತ್ತು. 2018ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಪ್ಲಾಸ್ಟಿಕ್ ಜೊತೆಗೆ ಅಲಂಕಾರದ ಥರ್ಮಾಕೋಲನ್ನೂ ನಿಷೇಧಿಸಿದ ಮೇಲೆ ಹಬ್ಬದ ಹಲಗೆಗಳು ಮರೆಯಾದವು. ನಿಷೇಧ ಸರಿಯಾದದ್ದೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಅದರ ಫಲವೆಂದರೆ, ಇನ್ನು ಹಾರಲಾರದ ವಿಮಾನವನ್ನೂ ಇಲ್ಲಿ ಯಾರೂ ಎಸೆಯುವುದಿಲ್ಲ. ಅದರ ರೆಕ್ಕೆಯ ತುದಿ ಇನ್ನೊಂದರ ತೇಪೆಯಾಗುತ್ತದೆ. ತೇಪೆಯನ್ನು ಉಜ್ಜಿದಾಗ ಉದುರಿದ ಪುಡಿ ಬಿಳಿ ಫೆವಿಕಾಲಿನೊಡನೆ ಕಲಸಿದ ಪುಟ್ಟಿಯಾಗುತ್ತದೆ. ಗೋಡೆಗೆ ಬಳಸುವ ಸಿಮೆಂಟ್ ಪುಟ್ಟಿಗಿಂತ ಅದು ಎಷ್ಟೋ ಹಗುರ. ಬೆಂಗಳೂರಿನಲ್ಲಿ ನನ್ನ ಗೆಳೆಯರು ಇಂಥ ಸ್ಥಿತಿಯಲ್ಲಿ ಹೊಸ ರೆಕ್ಕೆಯನ್ನೇ ತರಿಸಿಬಿಡುತ್ತಿದ್ದರು. ನಾನೂ ಹಾಗೆಯೇ ತರಿಸುತ್ತಿದ್ದೆ.

ಜಜ್ಜಿದ ಮೂತಿಯನ್ನು ಸರಿಪಡಿಸುವುದಕ್ಕೆ ಅಂಟಿಗಿಂತ ಮೊದಲು ಬಿಸಿನೀರು ಬೇಕು. ಇಪಿಒ ಫೋಮಿನ ಅಮುಕಿದ ಮಣಿಗಳು ಕುದಿಯುವುದಕ್ಕಿಂತ ಕೊಂಚ ಕಡಿಮೆ ಬಿಸಿಯ ನೀರನ್ನು ಸುರಿದರೆ ಮತ್ತೆ ಉಬ್ಬಿಕೊಳ್ಳುತ್ತವೆ, ಮುದುರಿದ ಭಾಗವನ್ನು ಬಟ್ಟೆಯಿಂದ ಒತ್ತಿ ಹಿಡಿದರೆ ಬಹುಪಾಲು ಹಳೆಯ ಆಕಾರಕ್ಕೇ ಬರುತ್ತದೆ. ಬಿಸಿ ಅತಿಯಾದರೆ ಮೈಯೆಲ್ಲ ದಡಾರದಂತೆ ಗುಳ್ಳೆ ಏಳುತ್ತದೆ. ಥರ್ಮಾಕೋಲಿಗಂತೂ ಈ ಉಪಚಾರವೇ ಬೇಡ. ಮುರಿದ ರೆಕ್ಕೆಗೆ ಸೀಳು ಕೊರೆದು ಸಣ್ಣ ಕಾರ್ಬನ್ ಪಟ್ಟಿಯೊಂದನ್ನು ಹುದುಗಿಸಿದರೆ ಸಾಕು. ಅಂಟಿನ ವಿಷಯದಲ್ಲಿ ಪುಣೆಯ ಸಾವಧಾನವೇ ಗೆಲ್ಲುತ್ತದೆ. ಎರಡು ಡಬ್ಬಿಯ ಎಪಾಕ್ಸಿ 10 ಮಿಲಿಲೀಟರ್ ಕಲಸಿದರೆ 11 ಗ್ರಾಂ ಹಾಗೆಯೇ ಉಳಿಯುತ್ತದೆ. ಬಿಳಿ ಅಂಟಿನಲ್ಲಿರುವ ನೀರು ಆರಿಹೋಗಿ ತೂಕದ ದೊಡ್ಡ ಪಾಲು ಇಳಿಯುತ್ತದೆ. ಆದರೆ ಗಾಳಿಯಾಡದ ಎರಡು ಫೋಮ್ ಮೈಗಳ ನಡುವೆ ಅದು ಒಣಗಲು ಒಂದು ರಾತ್ರಿ ಸಾಲದು, ಮಳೆಗಾಲದಲ್ಲಿ ಎರಡೂ ಸಾಲದು. ಮೋಟಾರಿನ ಪ್ಲೈವುಡ್ ಹಲಗೆಗೆ ಮಾತ್ರ ಎಪಾಕ್ಸಿಯೇ ಬೇಕು. ಹಾಟ್ ಗ್ಲೂ ಭಾರವೂ ಹೌದು, ಬೇಸಿಗೆಯಲ್ಲಿ ಮುಚ್ಚಿದ ಕಾರಿನೊಳಗೆ ಮೆತ್ತಗಾಗುವುದೂ ಹೌದು. ಅದರ ಮೇಲೆ ನಮ್ಮ ಬೆಂಗಳೂರಿನವರಿಗಿರುವ ಭರವಸೆ ನನಗೀಗ ಅರ್ಥವಾಗುವುದಿಲ್ಲ.

ಬಣ್ಣಕ್ಕೆ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಿ ಸಿಗುವ ನೀರಿನ ಅಕ್ರಿಲಿಕ್ ಸಾಕು. ಹಚ್ಚುವ ಮೊದಲು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಬೆರಳಿನ ಜಿಡ್ಡನ್ನು ಒರೆಸಬೇಕು, ಹಳೆಯ ಸ್ಟಿಕ್ಕರುಗಳನ್ನು ಹೇರ್ ಡ್ರೈಯರಿನ ಮೆಲುಬಿಸಿಯಲ್ಲಿ ನಿಧಾನವಾಗಿ ಎತ್ತಬೇಕು, 320ರ ಪಾಲಿಶ್ ಪೇಪರಿನಿಂದ ಕೈ ಭಾರ ಹಾಕದೆ ಉಜ್ಜಬೇಕು. ಮಾಸ್ಕಿಂಗ್ ಟೇಪನ್ನು ಮೊದಲು ಅಂಗಿಗೆ ಒಮ್ಮೆ ಅಂಟಿಸಿ ಕಿತ್ತು ಅದರ ಬಿಗಿ ಕಡಿಮೆ ಮಾಡಿಕೊಳ್ಳದಿದ್ದರೆ, ತೆಗೆಯುವಾಗ ಬಣ್ಣದ ಜೊತೆಗೆ ಫೋಮಿನ ಮಣಿಗಳೂ ಎದ್ದುಬರುತ್ತವೆ.

ಇಷ್ಟೆಲ್ಲ ಜಾಣತನದ ನಂತರ ಪುಣೆಯವರು ಮಾಡುವುದೇನು? ತೂಕ ಉಳಿಸುವ ನೆಪದಲ್ಲಿ ವಿಮಾನವನ್ನು ಬಿಳಿಯಾಗಿಯೇ ಬಿಟ್ಟು ಒಂದು ತೇಪೆ, ಎರಡು ಪಟ್ಟಿ ಬಳಿದು ಮುಗಿಸುತ್ತಾರೆ. ಇನ್ನು ಹುಡುಗರು ಲೋಹಗಾವ್ ವಾಯುನೆಲೆಯ ಸುಖೋಯ್‌ಗಳನ್ನು ನೋಡಿ ಎಲ್ಲಕ್ಕೂ ಬೂದಿ ಬಣ್ಣ ಬಳಿಯುತ್ತಾರೆ. ಯುದ್ಧವಿಮಾನದ ಬೂದಿ ಬಣ್ಣವನ್ನು ಆಯ್ದಿರುವುದೇ ಆಕಾಶದಲ್ಲಿ ಕಾಣದಿರಲಿ ಎಂದು. ನೂರು ಮೀಟರ್ ದೂರದಲ್ಲಿ, ಮೋಡದ ಹಿನ್ನೆಲೆಯಲ್ಲಿ, ವಿಮಾನ ನಮ್ಮ ಕಡೆ ಬರುತ್ತಿದೆಯೋ ದೂರ ಹೋಗುತ್ತಿದೆಯೋ, ಬೆನ್ನು ಮೇಲಿದೆಯೋ ಹೊಟ್ಟೆ ಮೇಲಿದೆಯೋ ತಿಳಿಯದೆ ನೆಲಕ್ಕಪ್ಪಳಿಸುವ ವಿಮಾನಗಳೇ ಹೆಚ್ಚು. ಅಲ್ಲಿ ಉಳಿಸಿದ 20 ಗ್ರಾಂ ಯಾರಿಗೆ ಬೇಕು? ಬಣ್ಣವೂ ಒಂದು ಉಪಕರಣ. ರೆಕ್ಕೆ, ಬಾಲಗಳ ಚಲಿಸುವ ಭಾಗಗಳನ್ನು ಆಡಿಸುವ ಸರ್ವೊ ಮೋಟಾರಿನ ತೂಕವನ್ನು ಯಾರೂ ದಂಡವೆನ್ನುವುದಿಲ್ಲವಲ್ಲ.

ಈ ವಿಷಯದಲ್ಲಿ ಬೆಂಗಳೂರಿನವರ ಕಣ್ಣು ಚೆನ್ನಾಗಿ ಪಳಗಿದೆ. ಯಲಹಂಕದಲ್ಲಿ 1996ರಿಂದ ನಡೆಯುತ್ತಿರುವ ಏರ್ ಶೋಗಳನ್ನು ನೋಡುತ್ತ ಬೆಳೆದವರಿಗೆ ಯಾವ ವಿಮಾನ ಎಷ್ಟು ದೂರದವರೆಗೆ ಕಾಣುತ್ತದೆ ಎಂಬ ಅಂದಾಜಿದೆ. ನಮ್ಮ ಬೀದರಿನ ಸೂರ್ಯಕಿರಣ ತಂಡದ ಹಾಕ್ ವಿಮಾನಗಳ ಕೆಂಪು-ಬಿಳಿಯನ್ನು ನೋಡಿ: ಕೆಂಪು ಮೋಡದ ಮೇಲೂ ಕಾಣುತ್ತದೆ, ಬಿಳಿ ನೀಲಿಯ ಮೇಲೂ ಕಾಣುತ್ತದೆ. ನಾನು ಮಾಡುವುದು ಇಷ್ಟು. ರೆಕ್ಕೆಯ ಮೇಲ್ಮೈಯನ್ನು ಫೋಮಿನ ಬಿಳಿಯಲ್ಲೇ ಬಿಟ್ಟು ತುದಿಗಳಿಗೆ ಮಾತ್ರ ಅಗಲವಾಗಿ ಕೆಂಪು. ಕೆಳಗೆ ಅಡ್ಡಡ್ಡ ಕಪ್ಪು ಪಟ್ಟಿಗಳು, ಹೊಟ್ಟೆ ಬೆನ್ನಿಗಿಂತ ಬೇರೆಯೆಂದು ಒಂದೇ ನೋಟಕ್ಕೆ ತಿಳಿಯುವಂತೆ. ಪೂರ್ತಿ ಕಡುಬಣ್ಣ ಬಳಿದ ರೆಕ್ಕೆ ಏಪ್ರಿಲ್ ಬಿಸಿಲನ್ನು ಹೀರಿ ಸೊಟ್ಟಗಾಗುವ ಭಯವೂ ಹೀಗೆ ಮಾಡಿದರೆ ಕಡಿಮೆ. ಏರುವ ತೂಕ 25 ಗ್ರಾಂ ಒಳಗೆ, ಬ್ಯಾಟರಿಯನ್ನು ಕೊಂಚ ಮುಂದಕ್ಕೆ ಸರಿಸಿದರೆ ಸೀಸವೂ ಬೇಡ.

ಕಾಕಾ ಇದನ್ನು ಒಪ್ಪಿದ್ದಾರೆ, ಗೊಣಗುತ್ತಲೇ. ನಮ್ಮಿಬ್ಬರ ನಡುವೆ ಈಗ ಉಳಿದಿರುವುದು ವಾರ್ನಿಶ್‌ನ ತಕರಾರು. ನೀರಿನ ಪಾಲಿಯುರೆಥೇನ್ ವಾರ್ನಿಶ್ ಬಣ್ಣ ಸುಲಿಯದಂತೆ, ಬಿಸಿಲಿಗೆ ಹಳದಿಯಾಗದಂತೆ ಸ್ವಲ್ಪ ಕಾಪಾಡುತ್ತದೆ; ಅದೊಂದು ಸುಳ್ಳು ಹೊಳಪು, ಬೇಡವೇ ಬೇಡ ಎನ್ನುವುದು ಅವರ ವಾದ. ಕಲ್ಲುಬಯಲಿನಲ್ಲಿ ಉಜ್ಜಿಕೊಂಡು ಇಳಿಯುವ ಹೊಟ್ಟೆಗೆ ಮತ್ತು ರೆಕ್ಕೆಯ ಮುಂದಿನ ಅಂಚಿಗೆ ಮಾತ್ರ ಒಂದು ಕೈ ಇರಲಿ, ಉಳಿದ ಕಡೆ ಬೇಡ ಎನ್ನುವುದು ನನ್ನದು.